ರಟ್ಟು

ಗುನ್ಸಾನ್ ಠಾಣೆಯ ಹಿಂದಿನ ಕೋಣೆ. ಸಂಶೋಧಕಿ ಸೊಲ್
ಹದಿನಾಲ್ಕನೇ ಪ್ರಶ್ನೆಗೆ ಬಂದಿದ್ದಾಳೆ:
'ಕದಿಯುವಾಗ ಮನಸ್ಸಿನಲ್ಲಿ ಏನಿತ್ತು?'

ಮಾ ಬೊಕ್‌ಸುನ್, ಎಪ್ಪತ್ತೊಂಬತ್ತು,
ಕೈಗವಸು ಕಳಚಿ ತೊಡೆಯ ಮೇಲಿಡುತ್ತಾಳೆ.
'ಕದ್ದದ್ದಲ್ಲ ಮಗಳೇ. ಅಂಗಡಿ ಮುಂದಿತ್ತು ರಟ್ಟಿನ ಪೆಟ್ಟಿಗೆ.
ಬಿಸಾಡಿದ್ದೋ, ಇಟ್ಟದ್ದೋ,
ನಸುಕಿನ ನಾಲ್ಕಕ್ಕೆ ಯಾರನ್ನು ಎಬ್ಬಿಸಿ ಕೇಳಲಿ?
ಒಳಗೆ ಆರು ಮೂಲಂಗಿ ಇದ್ದದ್ದು
ಗುಜರಿಯವನ ತಕ್ಕಡಿಯಲ್ಲೇ ರಟ್ಟಾಯಿತು.'

ಸೊಲ್ ಬರೆಯುತ್ತಾಳೆ: ಒಂಟಿ. ಮೊದಲ ಅಪರಾಧ.
'ಉದ್ದೇಶ' ಎಂಬ ಚೌಕ
ಖಾಲಿ.

ಮುದುಕಿ ಮೇಜಿನ ಮೇಲಿದ್ದ
ಇನ್ನೂರು ಮುದುಕರ ಉತ್ತರಗಳ ಕಟ್ಟನ್ನು
ಎರಡೂ ಕೈಯಲ್ಲಿ ಎತ್ತಿ ನೋಡುತ್ತಾಳೆ:
'ಮೂರು ಕಿಲೋ. ಚೂರು ಹೆಚ್ಚೇ.
ಓದಿ ಮುಗಿದ ಮೇಲೆ
ನಿನಗಿದು ಬೇಕಾ?

ಈ ಸಲ ಕೇಳಿಯೇ ಒಯ್ಯುತ್ತೇನೆ.'