ಮುಟ್ಟಿದ ಕಾಯಿ

ಪಾವಗಡದವನಿಗೆ ಚಳಿಯೆಂದರೆ ಊರವರು ಹೇಳುವ ಸುದ್ದಿ.
ನಮ್ಮ ಬಂಡೆಗಳು ಕಾರ್ತೀಕದಲ್ಲೂ
ನಡುರಾತ್ರಿವರೆಗೆ ಕಾವು ಬಿಡುವುದಿಲ್ಲ.
ಅರ್ಧ ತೋಳಿನ ಅಂಗಿ ಎರಡು, ಒಂದು ಪಂಚೆ,
ಕಂಡಕ್ಟರ್ ಚೀಲದಲ್ಲಿ ಸುರುಳಿ ಸುತ್ತಿದ ಚದುರಂಗದ ಹಾಸು,
ಇಷ್ಟೇ ಹೊತ್ತು
ದೇವರಾಯನದುರ್ಗ ಹತ್ತಿದೆ.

ಎಲ್ಲೋ ಮದ್ರಾಸಿನಾಚೆ ಕಡಲಲ್ಲಿ
ಗಾಳಿ ಸುತ್ತಿಕೊಂಡಿತಂತೆ.
ಅದರ ಒದ್ದೆ ಸೆರಗು ಇಲ್ಲಿ
ಬೆಟ್ಟದ ನೆತ್ತಿಗೆ ಬಡಿಯುತ್ತಿತ್ತು.
ಮೊದಲ ಸುತ್ತಿಗೆ ಕಿಟಕಿ ಮುಚ್ಚಿದರು.
ಎರಡನೆಯದಕ್ಕೆ ಒಡೆದ ಗಾಜಿಗೆ
ಹೋದ ವರ್ಷದ ಫಲಿತಾಂಶ ಅಂಟಿಸಿದರು.
ಮೂರನೆಯದರ ಹೊತ್ತಿಗೆ ಮಂಜು
ಬಾಗಿಲಿಂದಲೇ ಒಳಬಂದು
ಹೆಸರು ಬರೆಸದೆ, ಫೀಜು ಕಟ್ಟದೆ ಕೂತಿತ್ತು.

ಒಬ್ಬ ಕಾಲುಚೀಲವನ್ನು ಕೈಗೆ ಹಾಕಿ
ಕುದುರೆ ಎತ್ತುತ್ತಿದ್ದ.
ಕುಣಿಗಲ್ಲಿನ ಮೇಷ್ಟರು ಅಂಗಿಯೊಳಗೆ ಪೇಪರು ತುರುಕಿ
ನಡೆನಡೆಗೂ ಸರಬರ ಎನ್ನುತ್ತಿದ್ದರು;
ತೀರ್ಪುಗಾರರು ಎರಡು ಸಲ ಎಚ್ಚರಿಸಿದರು.
ಮಧ್ಯಾಹ್ನ ಮುದ್ದೆ ಬಂತು. ಯಾರೂ ಮುರಿಯಲಿಲ್ಲ.
ಅಂಗೈಯಲ್ಲಿ ಹೊರಳಿಸುವವರು,
ಕೆನ್ನೆಗೆ ಒತ್ತಿಕೊಳ್ಳುವವರು.
"ತಿನ್ನಾಕೆ ಕೊಟ್ಟಿದ್ದು ಕಣ್ರಪ್ಪ,
ಮುದ್ದಾಡಾಕಲ್ಲ" ಎಂದಳು ಬಡಿಸುವ ಚೌಡಮ್ಮ.

ನಾಲ್ಕನೇ ಸುತ್ತು. ಏಳನೇ ಬೋರ್ಡು.
ಎದುರಿಗೆ ಶಿರಾದ ಪಿಂಜಾರ ಹುಸೇನಪ್ಪ.
ಐವತ್ತು ವರ್ಷ ಊರಿಗೆಲ್ಲ ಹಾಸಿಗೆ ಹೊಲಿದ ಮುದುಕ,
ಹೆಗಲ ಮೇಲೆ ಒಂದು ಟವೆಲ್ಲು.
ಕೋಟೆ ಕಟ್ಟಿ ರಾಜನನ್ನು ಒಳಗಿಟ್ಟು
ನನ್ನ ಮನೆಗಳನ್ನು ಒಂದೊಂದಾಗಿ
ಹಿಂಜುತ್ತ ಬಂದರು.
ನಾನು ಸೋಲುತ್ತಿದ್ದೆ.

ಆಗ ಅವರ ಕೈ ಕುದುರೆಯ ಕಡೆಗೆ ಹೊರಟು,
ನಿಂತ ಬಸ್ಸಿನ ಗೇರ್ ಕೋಲಿನ ಹಾಗೆ ನಡುಗಿ,
ಮಂತ್ರಿಗೆ ತಾಗಿತು.
"ಮುಟ್ಟಿದಿರಿ" ಎಂದೆ.
ಮಾತಿಗಿಂತ ಮೊದಲೇ ಬಾಯಿಂದ ಹಬೆ ಹೊರಟಿತ್ತು.

ತೀರ್ಪುಗಾರರು ಬಂದು ಬಗ್ಗಿದರು:
ಚಳಿಗೆ ತಾಗಿತೋ, ಬೇಕೆಂದು ಮುಟ್ಟಿದಿರೋ?
ತಾಗಿತು ಎಂದರೆ ಮುಗಿಯುತ್ತಿತ್ತು.
ಮುದುಕ ಬೆರಳನ್ನು ನೋಡಿಕೊಂಡರು,
ಬೇರೆಯವರದೇನೋ ಎಂಬಂತೆ.
"ಬೆರಳು ನಂದೇ ಸ್ವಾಮಿ. ಮುಟ್ಟೈತೆ."

ಮಂತ್ರಿಗಿದ್ದದ್ದು ಒಂದೇ ಮನೆ,
ಅದು ನನ್ನ ಒಂಟೆಯ ದಾರಿಯಲ್ಲಿ.
ಕಡಿದೆ.
ಚಿಲ್ಲರೆ ಇಲ್ಲವೆಂದು ಎರಡು ರೂಪಾಯಿ ಉಳಿಸಿಕೊಂಡವನ ಹಾಗೆ
ಪಾಯಿಂಟನ್ನು ಜೇಬಿಗಿಳಿಸಿ ಎದ್ದೆ.

ರಾತ್ರಿ ಮೂವತ್ತೊಂದು ಜನಕ್ಕೆ ಒಂಬತ್ತು ರಜಾಯಿ.
ನನ್ನ ಪಾಲಿಗೆ ಬಂದದ್ದರಲ್ಲಿ
ಹತ್ತಿಯೆಲ್ಲ ಒಂದು ಮೂಲೆಗೆ ಓಡಿ ಗಂಟಾಗಿತ್ತು;
ಉಳಿದದ್ದು ಬರೀ ಬಟ್ಟೆ.
ಮಂಡಿಯನ್ನು ಗದ್ದಕ್ಕೆ ತಂದು ಮುದುರಿದ್ದೆ.
ಯಾರೋ ಕಾಲ ಬಳಿ ಕೂತರು.
ಪೆನ್ಸಿಲ್ ಹೆರೆಯುವ ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ,
ಗಂಟು ಹೊರಗೆಳೆದು,
ಎಳೆ ಎಳೆಯಾಗಿ ಹಿಂಜತೊಡಗಿದರು.
ಆಗ ನಡುಗಲಿಲ್ಲ ಆ ಬೆರಳು.
ನೋಡಿದೆ. ಎರಡು ಸಲ ನೋಡಿದೆ.

"ಹತ್ತಿ ಒತ್ತಾಗಿ ಕೂತ್ರೆ ಭಾರ ಅಷ್ಟೆ," ಎಂದರು
ನನಗೋ, ಹತ್ತಿಗೋ.
"ಒಳಗೆ ಗಾಳಿ ಇರ್ಬೇಕು. ಬೆಚ್ಚಗಿಡೋದು ಅದೇ."
ಚೌಡಮ್ಮನ ದಬ್ಬಳ, ಅಕ್ಕಿಮೂಟೆಯ ದಾರ.
ಹೊಲಿದು, ಕೊಡವಿ,
ಅರ್ಧ ನನ್ನ ಮೇಲೆ ಹಾಕಿ
ಉಳಿದರ್ಧದೊಳಗೆ ತಾವು ನುಸುಳಿದರು.

"ಆ ಮಂತ್ರಿ ವಿಷ್ಯ..." ಎಂದೆ ಕತ್ತಲಿಗೆ.
"ಕಾಲು ಒಳಗೆಳ್ಕೊಳ್ಳಿ," ಎಂದರು,
"ಕಾವು ಹೋಯ್ತದೆ."

ಬೆಳಗ್ಗೆ ಐದನೇ ಸುತ್ತು.
ಮಧುಗಿರಿಯ ಹುಡುಗಿ, ವರ್ಷ ಹತ್ತಿರಬೇಕು,
ಮಂಕಿ ಕ್ಯಾಪಿನೊಳಗಿಂದ ನನ್ನನ್ನೇ ನೋಡಿ,
"ಅಂಕಲ್, ತಲೇಲಿ ಹತ್ತಿ ಇದೆ" ಎಂದಳು.
ತೆಗೆಯಲು ಕೈ ಎದ್ದಿತು.
ಕಿವಿಯವರೆಗೆ ಹೋಗಿ ನಿಂತಿತು.
ಮುಟ್ಟಿದರೆ ನಡೆಸಬೇಕಲ್ಲ.

ಕೈ ಇಳಿಸಿ
ರಾಜನ ಮುಂದಿನ ಕಾಲಾಳನ್ನು
ಎರಡು ಮನೆ ಮುಂದಿಟ್ಟೆ.
ಹೊರಗೆ ಇನ್ನೂ ಮಂಜು.
ಗಡಿಯಾರ ಒತ್ತಿದೆ.