ಉಚಿತ, ಪಿಯಾನೊ

ಗ್ರಿಮ್ಸ್‌ಬಿಯ ಲೈಬ್ರರಿಯಲ್ಲಿ, ಬುಧವಾರ ಹತ್ತರಿಂದ ಹನ್ನೆರಡು,
ಕಂಪ್ಯೂಟರು ಬಾರದವರಿಗೆ ನಾನು ಮೇಡಮ್ಮು.
ಸಂಬಳವಿಲ್ಲ. ಒಂದು ಲೋಟ ಚಹಾ ಉಂಟು.

ಡೆನಿಸ್ ಕಾಥೋರ್ನ್, ಎಪ್ಪತ್ತೊಂಬತ್ತು.
ನಲವತ್ತು ವರ್ಷ ಬಂದರಿನಲ್ಲಿ ಐಸು ಒಡೆದ ಕೈ
ಕೀಲಿಮಣೆಗೆ ಒಂದೇ ಬೆರಳು ಇಳಿಸುತ್ತದೆ,
ಬಿಸಿ ಎಷ್ಟಿದೆಯೋ ಎಂದು ನೀರು ಮುಟ್ಟಿದ ಹಾಗೆ.
ಬರೆದದ್ದು ಇಷ್ಟು: 'ಉಚಿತ, ಪಿಯಾನೊ.
ಸಾಗಿಸುವವರು ನೀವೇ.'
ಅದು ಹಾಳೆಯ ನಟ್ಟನಡುವೆ ನಿಲ್ಲಬೇಕು.
ಸ್ಪೇಸ್‌ಬಾರ್ ತಟ್ಟುತ್ತಾರೆ,
ತುಟಿಯಲ್ಲೇ ಎಣಿಸುತ್ತ, ಇಪ್ಪತ್ತಮೂರು.
ಕುರ್ಚಿ ಹಿಂದೆ ಸರಿಸಿ ನೋಡುತ್ತಾರೆ.
ಇನ್ನೆರಡು.

ಅಕ್ಷರ ದೊಡ್ಡದು ಮಾಡಿದೆವು.
ಎಣಿಸಿದ್ದೆಲ್ಲ ಕುಸಿದು, ಪಿಯಾನೊ ಕೆಳಗಿನ ಸಾಲಿಗೆ ಜಾರಿ
ಎಡಗೋಡೆಗೆ ಬೆನ್ನು ಕೊಟ್ಟು ಕೂತಿತು.
"ಮನೆಯಲ್ಲೂ ಅಲ್ಲೇ ಇದೆ" ಅಂದರು.
ಅರವತ್ತೈದಕ್ಕೆ ಕೊಂಡದ್ದಂತೆ, ಕಲಿಯಬೇಕೆಂದು.
ಬಂದದ್ದು ಒಂದೂವರೆ ಹಾಡು.
ಹೊಸ ಫ್ಲಾಟಿನ ಬಾಗಿಲು ಅದಕ್ಕೆ ಸಾಲದು.

ನಡುವಿಗೆ ತರುವ ಗುಂಡಿ ತೋರಿಸಿದೆ. ಒಂದೇ ಒತ್ತು.
ಖುಷಿಯಾಗಲಿಲ್ಲ ಅವರಿಗೆ.
ಬೆರಳೆಣಿಸಿ ಗಳಿಸಿದ್ದನ್ನು ಯಾರೋ ಬಿಟ್ಟಿ ಕೊಟ್ಟರೆ
ನಂಬುವುದು ಹೇಗೆ?
ಒತ್ತಿ, ತೆಗೆದು, ಮತ್ತೆ ಒತ್ತಿ,
"ನಾಳೆಯೂ ಇಲ್ಲೇ ಇರುತ್ತದಾ?"

ಎರಡೂ ಅಂಚು ಸಮ ಮಾಡುವ ಗುಂಡಿಯನ್ನು
ಬೇಡವೆಂದರೂ ಒತ್ತಿದರು.
ಪದಗಳು ಕೈ ಬಿಟ್ಟು ದೂರ ದೂರ ನಿಂತವು,
ಬಸ್ ನಿಲ್ದಾಣದ ಇಂಗ್ಲಿಷರ ಹಾಗೆ.
ಇದು ನನ್ನ ಮಾತಲ್ಲ. ಅವರೇ ಹೇಳಿ ನಕ್ಕದ್ದು.

"ನಿಮ್ಮ ಭಾಷೆ ಯಾವ ಕಡೆಯಿಂದ ಹೊರಡುತ್ತದೆ?"
ಎಡದಿಂದಲೇ, ಎಂದೆ, ಆದರೆ ಕೆಳಕ್ಕೂ ಇಳಿಯುತ್ತದೆ.
ಹಾಳೆಯ ತುದಿಗೆ 'ಅಕ್ಕ' ಎಂದು ಬರೆದೆ.
ಸಾಲುಗಳ ನಡುವಿನ ಜಾಗ ಆಗಲೇ ಬಿಗಿದಿದ್ದರು,
ಕಾಗದ ಉಳಿಯಲೆಂದು.
ಒತ್ತು ಕತ್ತರಿಸಿ ಹೋಗಿ
'ಅಕ' ಉಳಿಯಿತು, ಕಾಲಿಲ್ಲದೆ.
ಡೆನಿಸ್ ತೆರೆಗೆ ಮೂಗು ತಾಗಿಸಿದರು:
"ಅಲ್ಲಿ ಕೆಳಗೆ ಯಾರೋ ಮುಳುಗಿದರಲ್ಲ."
ಇಂಗ್ಲಿಷಿಗೆ ಅಲ್ಲೊಂದು ಇಲ್ಲೊಂದು ಬಾಲ, ಅಷ್ಟೇ.
ನಮ್ಮ ಅಕ್ಷರಕ್ಕೆ ನೆಲಮಾಳಿಗೆ ಉಂಟು,
ಅಲ್ಲೂ ಸಂಸಾರ.
ಅವರೇ ಬಾಣ ಹುಡುಕಿ ಸಾಲು ಸಡಿಲಿಸಿದರು,
ಒಂದು, ಒಂದೂಕಾಲು, ಒಂದೂವರೆ,
ಅವಸರವಿಲ್ಲದೆ, ಹಗ್ಗ ಬಿಟ್ಟು ಅಭ್ಯಾಸವಿದ್ದವರು.
ಒತ್ತು ತೇಲಿ ಬಂತು.
ಅದರಡಿ ಕೆಂಪು ಅಲೆಗೆರೆ:
ಯಂತ್ರದ ಪ್ರಕಾರ ನನ್ನ ಅಕ್ಕ ತಪ್ಪು.

ಇನ್ನು ಬಣ್ಣ.
ಕೆಂಪು ಬೇಡ, ಅದು ಗ್ಯಾಸ್ ಬಿಲ್ಲಿನದ್ದು.
ನೀಲಿಗಳಲ್ಲಿ ಒಂದೂ ಒಪ್ಪಿಗೆಯಾಗಲಿಲ್ಲ:
"ಇವೆಲ್ಲ ಸ್ಪೇನಿಗೆ ಹೋಗಿ ಬಂದವರ ಸಮುದ್ರ."
ಬೇಕಾದ್ದು ಪಿಯಾನೊದ ಕಂದು,
ಅಂದರೆ ಇಳಿತದ ಹೊತ್ತಿನ ಹಂಬರ್ ನೀರು.
ಹೆಚ್ಚಿನ ಬಣ್ಣಗಳ ಪೆಟ್ಟಿಗೆ ತೆರೆದು
ಅರ್ಧ ಗಂಟೆ ಚುಕ್ಕಿ ಎಳೆದಾಡಿದೆವು,
ಕಂದಿಗೆ ಬೂದಿ, ಬೂದಿಗೆ ಚೂರು ಹಳದಿ.
ನಾನು ಮಲ್ಪೆಯವಳು. ಜುಲೈ ತಿಂಗಳ ಅಳಿವೆ ನೋಡಿದವಳು.
ಸ್ವಲ್ಪ ಕೆಂಪು ಸೇರಿಸೋಣ ಅಂದೆ.
"ಅದು ನಿಮ್ಮ ನೀರು" ಅಂದರು, ಮೆತ್ತಗೆ.

ಬಣ್ಣದ ಪ್ರಿಂಟರು ಕೆಟ್ಟು ಹದಿನೈದು ದಿನ.
ನನಗದು ನೆನಪಾದದ್ದು ಆಮೇಲೆ.
ಕಪ್ಪಿನದರಿಂದ ಹೊರಬಂದ ಹಾಳೆಯಲ್ಲಿ
ಅಷ್ಟು ಹೊತ್ತಿನ ಕಂದು ಬರೀ ಬೂದಿ.
ಕಿಟಕಿಗೆ ಹಿಡಿದು ನೋಡಿದರು.
"ಜನವರಿ" ಅಂದರು. "ನಡೆಯುತ್ತದೆ."

ಕೆಳಗೆ ಫೋನ್ ನಂಬರು ಅಡ್ಡ ಮಲಗಿಸಿ ಹತ್ತು ಪಟ್ಟಿ,
ನಡುನಡುವೆ ಕತ್ತರಿಯ ಸೀಳು.
ಬಾಗಿಲ ಬಳಿಯ ಫಲಕದಲ್ಲಿ ಸಿಕ್ಕಿದ್ದು ಒಂದೇ ಪಿನ್ನು.
ನಡುವಿಗೆ ತಂದ ಸಾಲು ಎಡಕ್ಕೆ ವಾಲಿತು.

ಮುಂದಿನ ಬುಧವಾರ ಒಂದು ಪಟ್ಟಿ ಹರಿದಿತ್ತು.
ನೋಡಿ, ಯಾರೋ ಬರುತ್ತಾರೆ, ಎಂದೆ.
"ನಾನೇ" ಎಂದರು ಡೆನಿಸ್, ಕೋಟಿನ ಜೇಬು ತಟ್ಟಿ.
"ಮೊದಲನೆಯದನ್ನು ಯಾರೂ ಹರಿಯುವುದಿಲ್ಲ."