ತೊಂಬತ್ತೊಂಬತ್ತು

ಅರವತ್ತೆರಡು ಪ್ರಶ್ನೆ, ಒಂದೊಂದಕ್ಕೂ ಐದೈದು ಮನೆ.
ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಹೊರಟು
ಸುತರಾಂ ಒಪ್ಪುವುದಿಲ್ಲದ ತನಕ.
ನಡುವೆ ಒಂದು ‘ಹೇಳಲಾರೆ’,
ಬಸ್ಸು ತಪ್ಪಿದವರು ಕೂರುವ ಕಲ್ಲಿನ ಹಾಗೆ.

ಬಿಷ್ಕೆಕ್ಕಿನಿಂದ ಇಡೀ ದಿನದ ದಾರಿ.
ಡೊಲೋನ್ ಘಾಟಿಯಲ್ಲಿ ಹಿಮ ಬಾಚುವ ಲಾರಿಯ ಹಿಂದೆ
ಆಮೆಯ ಬೆನ್ನು ಹತ್ತಿದಂತೆ ನಮ್ಮ ಜೀಪು.
‘ಗೀಟು ಹಾಕಿಸೋಕೆ ಇಷ್ಟು ದೂರವಾ?’ ಅಂದ ಕುಬಾತ್.
ನಾನು ಮಾತಾಡಲಿಲ್ಲ. ದಿನಭತ್ಯೆಯ ಲೆಕ್ಕದಲ್ಲಿದ್ದೆ.

ಬುರುಲ್ಚಾ ಎಜೆಯದು ಮೂರು ಮತ್ತು ನಾಲ್ಕನೇ ತರಗತಿ:
ಒಂದೇ ಕೋಣೆ, ಒಂದೇ ಒಲೆ, ಇಪ್ಪತ್ತೊಂಬತ್ತು ಮಕ್ಕಳು.
ಬೆಳಗಿನ ಆರಕ್ಕೆ ಬಂದು ಕಲ್ಲಿದ್ದಲು ಹೊತ್ತಿಸುವವರೂ ಅವರೇ.
ಬಲಗೈಯ ಗೆರೆಗಳಲ್ಲಿ ಮಸಿ, ಎಡಗೈ ತುಂಬ ಸೀಮೆಸುಣ್ಣ;
ಕುಲುಕಲು ಯಾವುದನ್ನು ಕೊಡಲಿ ಎಂದು ನಕ್ಕರು.

‘ನಲವತ್ತೈದೇ ನಿಮಿಷ, ಎಜೆ.
ಒಬ್ಬರೇ ಕೂತು ತುಂಬಬೇಕು, ಯಾರೂ ನೋಡಬಾರದು, ನಿಯಮ.’
‘ಆಗಲಿ. ಅಲ್ಲೀವರೆಗೆ ಇವರನ್ನ ಯಾರು ಹಿಡೀತಾರೆ?’

ನಿಯಮಾವಳಿಯ ನಲವತ್ತು ಪುಟಗಳಲ್ಲಿ
ಈ ಪ್ರಶ್ನೆಗೆ ಮನೆ ಇರಲಿಲ್ಲ.
ಸೀಮೆಸುಣ್ಣ ನನ್ನ ಅಂಗೈಗೆ ಬಂತು.
ಅವರು ಅರವತ್ತೆರಡನ್ನೂ ಕಂಕುಳಲ್ಲಿಟ್ಟುಕೊಂಡು
ಭೂಪಟಗಳ ಕೋಣೆಗೆ ಹೋಗಿ ಬಾಗಿಲು ಮುಚ್ಚಿದರು.

ಮೂರರವರಿಗೆ ಏಳರ ಮಗ್ಗಿ,
ನಾಲ್ಕರವರಿಗೆ ನದಿಯ ಮೇಲೆ ಎಂಟು ಸಾಲು.
ಹಲಗೆಯೋ ಸವೆದು ನುಣ್ಣಗಾಗಿ, ಬರೆದದ್ದು ಜಾರಿ ಬೀಳುತ್ತದೆ.
ಬೆಕ್ತುರ್ ಎಂಬವನು ಎದ್ದು ಬಂದ, ಒದ್ದೆ ಬಟ್ಟೆ ಹಿಡಿದು:
‘ಸಕ್ಕರೆ ಹಾಕಿದ ಚಹಾ, ಬಾಯ್ಕೆ. ಇಲ್ಲದಿದ್ರೆ ಸುಣ್ಣ ಹಿಡಿಯಲ್ಲ.’
(ಪ್ರಶ್ನೆ ಹದಿನೇಳು: ಬೋಧನಾ ಸಾಮಗ್ರಿ ಸಾಕಷ್ಟಿದೆ.)

ಯಾರೂ ಹೇಳದೆ ಒಬ್ಬಳು ಎದ್ದು ಒಲೆಗೆ ಇದ್ದಲು ಸುರಿದಳು.
ಯಾರೂ ಹೇಳದೆ ಕಿಟಕಿಯ ಸಾಲು ಒಲೆಯ ಬಳಿಗೂ
ಒಲೆಯ ಸಾಲು ಕಿಟಕಿಗೂ ಸರಿಯಿತು,
ಕೋಟು, ಪುಸ್ತಕ, ಕೆಮ್ಮು ಸಮೇತ.
ಗ್ರಹ ಮನೆ ಬದಲಿಸಿದಷ್ಟು ಸದ್ದು.
ನಾನು ಗಾಬರಿಯಲ್ಲಿ ಏಳೆಂಟ್ಲ ಐವತ್ನಾಲ್ಕು ಎಂದು ಬರೆದೆ.
ಮರುಕ್ಷಣ ಗಾಳಿಯಲ್ಲಿ ಇಪ್ಪತ್ತೊಂಬತ್ತು ಕೈ.

ಗಂಟೆ ಮುಗಿಯಿತು. ಬಾಗಿಲು ತಟ್ಟಿದೆ; ತೆರೆದೆ.

ಬೂಟು ಕಳಚಿ ಜೋಡಿಸಿಟ್ಟಿದ್ದರು.
ಸುತ್ತಿದ ಏಷ್ಯಾ ಖಂಡ ತಲೆದಿಂಬು.
ಬಾಯಿ ಕೊಂಚ ತೆರೆದಿತ್ತು.
ನಮೂನೆಯಲ್ಲಿ ಶಾಲೆಯ ಹೆಸರಿತ್ತು, ಅಂದಿನ ತಾರೀಖಿತ್ತು,
ಪೆನ್ನಿಗೆ ಮುಚ್ಚಳ ಹಾಕಿತ್ತು.

ಎಬ್ಬಿಸಲಿಲ್ಲ. ವಾಪಸು ಹೋಗಿ
ನದಿಯ ಎಂಟು ಸಾಲು ಓದಿಸಿದೆ.
‘ನಮ್ಮ ನದಿಯಲ್ಲಿ ಮೀನಿದೆ. ಅಪ್ಪ ಹಿಡಿಯುವುದಿಲ್ಲ.
ಅಪ್ಪ ಮಾಸ್ಕೋದಲ್ಲಿದ್ದಾನೆ. ನೀರು ತಣ್ಣಗಿದೆ.’
ನಾಲ್ಕೇ ಆಯಿತಲ್ಲ ಅಂದೆ.
‘ಉಳಿದದ್ದು ನಾಳೆ’ ಅಂದಳು ಅಯ್‌ಜಾರ್ಕಿನ್, ಪುಸ್ತಕ ಮುಚ್ಚುತ್ತ.

ಎದ್ದವರ ಕೆನ್ನೆಯ ಮೇಲೆ ಭೂಪಟದ ಕೋಲಿನ ಗೆರೆ.
ನಾಚಿಕೊಂಡು ಹೇಳಿದರು:
‘ಎಲ್ಲಕ್ಕೂ ಒಪ್ಪುತ್ತೇನೆ ಅಂತ ನೀವೇ ಹಾಕ್ಕೊಳ್ಳಿ.
ಹೆಡ್‌ಮಾಸ್ಟರು ನನ್ನ ಮೈದುನ.’
ನಾನು ಹಾಕುವಂತಿಲ್ಲ ಅಂದೆ.
‘ಹಾಗಾದ್ರೆ ಬಿಡಿ’ ಅಂದು ಬೂಟಿನ ದಾರ ಬಿಗಿದರು.
ಕೋಣೆಯೊಳಗಿಂದ ಆಗಲೇ ಮಗ್ಗಿ ಶುರುವಾಗಿತ್ತು.

ಉತ್ತರಿಸದ ಪ್ರಶ್ನೆಗೆ ಸಂಕೇತ ತೊಂಬತ್ತೊಂಬತ್ತು.
ಜೀಪಿನ ಮಂದ ದೀಪದಲ್ಲಿ ಬರೆಯುತ್ತ ಹೋದೆ,
ತೊಂಬತ್ತೊಂಬತ್ತು, ತೊಂಬತ್ತೊಂಬತ್ತು.
ಮೂವತ್ತನಾಲ್ಕನೆಯದು:
ತಯಾರಿಗೆ, ವಿರಾಮಕ್ಕೆ ನನಗೆ ಸಮಯ ಸಿಗುತ್ತದೆ.
ಅಲ್ಲಿ ಸ್ವಲ್ಪ ತಡೆದೆ. ಒಂದು ಸಲ ಸಿಕ್ಕಿದೆ,
ಇವತ್ತು, ಎಂದು ಬರೆಯಲು ಜಾಗವಿರಲಿಲ್ಲ.

ನಡೆದದ್ದನ್ನೆಲ್ಲ ಕುಬಾತನಿಗೆ ಹೇಳಿದೆ. ಗೇರು ಬದಲಿಸಿದ.
‘ಇನ್ನೆಷ್ಟು ಶಾಲೆ?’
‘ಹನ್ನೊಂದು.’
‘ಏಳರ ಮಗ್ಗಿ ಬಾಯಿಪಾಠ ಮಾಡ್ಕೊಳ್ಳಿ’ ಅಂದ,
‘ರಾತ್ರಿ ಇನ್ನೂ ಉದ್ದಕ್ಕಿದೆ.’